ಅಲ್ಲಿದ್ದವರು

ಗುದ್ದಲಿ ಮತ್ತೆ ಠಣ್ ಎಂದು ಪುಟಿಯಿತು. ಲಾಕ್ಲನ್ ಅದನ್ನು ಹಿಮದ ಮೇಲೆ ಎಸೆದ. ಬಾಯಿಗೆ ಬಂದ ಬೈಗುಳವನ್ನು, ಇದು ಸ್ಮಶಾನ ಎಂಬುದು ನೆನಪಾಗಿ, ಅರ್ಧಕ್ಕೇ ನುಂಗಿಕೊಂಡ.

"ಮೇಲೊಂದು ಗೇಣು ಕರಗಿದೆ ಅಷ್ಟೆ. ಕೆಳಗೆಲ್ಲ ಕಬ್ಬಿಣ. ಇನ್ನೊಂದು ಬಕೆಟ್ ಕಲ್ಲಿದ್ದಲು ಸುರೀಬೇಕು. ಮಧ್ಯಾಹ್ನದೊಳಗೆ ಗುಂಡಿ ಆಗ್ಲಿಲ್ಲ ಅಂದ್ರೆ ಎಫೀ ಮಿಸ್ ಪೆಟ್ಟಿಗೆಯಿಂದ ಎದ್ದು ಬಂದು ಕಿವಿ ಹಿಂಡ್ತಾರೆ."

"ಅವರು ಯಾವತ್ತು ಯಾರ ಕಿವಿ ಹಿಂಡಿದ್ರು?" ಎಂದಳು ಕ್ರಿಸ್ಟೀ. ಮೊಣಕಾಲುದ್ದ ಹಿಮದಲ್ಲಿ ಕಾಲೆಳೆಯುತ್ತ, ಅವನಿಗಾಗಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು.

"ಕಣ್ಣಲ್ಲೇ ಹಿಂಡ್ತಿದ್ರಲ್ಲ, ಅದು ಸಾಲ್ದಾ?"

ಹಿಂದಿನ ಸಂಜೆಯಿಂದ ಆ ಜಾಗದ ಮೇಲೆ ಬೆಂಕಿ ಉರಿಯುತ್ತಿತ್ತು. ಉದ್ದಕ್ಕೆ ಸೀಳಿದ ಎಣ್ಣೆಯ ಪೀಪಾಯಿಯನ್ನು ಬೋರಲು ಹಾಕಿ, ಅದರಡಿ ಕಲ್ಲಿದ್ದಲು ಕೆಂಡ ಮಾಡಿ, ನೆಲ ಮೆತ್ತಗಾದಷ್ಟು ಅಗೆದು, ಮತ್ತೆ ಕೆಂಡ ಸುರಿಯುವುದು. ಕ್ಯಾರನ್ ಕೋವಿನಲ್ಲಿ ಫೆಬ್ರವರಿಯಲ್ಲಿ ಸತ್ತವರನ್ನು ಸಾಮಾನ್ಯವಾಗಿ ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿಟ್ಟು, ವಸಂತಕ್ಕೆ ನೆಲ ಸಡಿಲವಾದ ಮೇಲೆ ಮಣ್ಣು ಮಾಡುತ್ತಾರೆ. ಊರಿಗೆಲ್ಲ ಎಫೀ ಮಿಸ್ ಆಗಿದ್ದ ಟೀಚರ್ ಯೂಫೀಮಿಯಾ ಮೆಕ್ಯಾಸ್ಕಿಲ್ ಅವರನ್ನೂ ಹಾಗೆಯೇ ಇಡೋಣ ಎಂದು ಪಾದ್ರಿ ಹೇಳಿದಾಗ ಲಾಕ್ಲನ್, "ಎಫೀ ಮಿಸ್ಸನ್ನ ಆಲೂಗಡ್ಡೆ ಥರ ಷೆಡ್ಡಲ್ಲಿ ಇಡಕ್ಕೆ ನಾನು ಬಿಡಲ್ಲ" ಎಂದುಬಿಟ್ಟಿದ್ದ. ಗಣಿ ಮುಚ್ಚಿ ವರ್ಷಗಳಾಗಿದ್ದವು. ಊರಿನ ಮನೆಗಳೆಲ್ಲ ಈಗ ಎಣ್ಣೆಯ ಒಲೆಗೆ ಬದಲಾಗಿದ್ದವು. ಆದರೂ ಸುದ್ದಿ ಹರಡಿದ್ದೇ ತಡ, ಜನ ತಮ್ಮ ನೆಲಮಾಳಿಗೆಯ ಮೂಲೆಗಳಲ್ಲಿ ಉಳಿದಿದ್ದ ಕಲ್ಲಿದ್ದಲನ್ನು ಬಕೆಟುಗಳಲ್ಲಿ ತಂದು ಗೇಟಿನ ಬಳಿ ಸುರಿದು ಹೋಗಿದ್ದರು.

ಲಾಕ್ಲನ್ ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಡಂಕನ್‌ಗೆ ಫೋನ್ ಮಾಡಿದ್ಯಂತೆ?"

"ವಿನ್ನಿ ಮಿಸ್ ಹೇಳಿದ್ರಾ?"

"ಈ ಊರಲ್ಲಿ ಹೇಳೋದೇನು ಬಂತು, ಗಾಳೀಲೇ ಇರುತ್ತೆ. ಏನಂದ?"

"ನಿಮ್ಮಕ್ಕ ಹೋಗ್ಬಿಟ್ರು ಅಂದೆ. 'ಮಣ್ಣು ಯಾವತ್ತು?' ಅಂದ್ರು. ಹೇಳ್ದೆ. ಇಟ್ಬಿಟ್ರು."

"ಬರಲ್ಲ ಬಿಡು. ಬದುಕಿದ್ದಾಗ ಒಂದ್ಸಲಾನೂ ತಿರುಗಿ ನೋಡದೇ ಇದ್ದೋನು ಈಗ ಬಂದು ಏನು ಕಿಸೀತಾನೆ? ಒಂದೇ ಮನೇಲಿ ಬೆಳೆದ ಅಕ್ಕ ತಮ್ಮ. ಅವರೊಬ್ಬರನ್ನೇ ಬಿಟ್ಟು ಓಡಿಹೋದ. ಬಂದ್ರೆ ನನ್ನ ಹತ್ರ ಬರಬೇಡ ಅಂತ ಹೇಳು. ನನ್ನ ಕೈಲಿ ಗುದ್ದಲಿ ಇರುತ್ತೆ."

"ಆವತ್ತು ಕೇಳಿದ್ದು ನಾನು ಕಣೋ," ಎಂದಳು ಕ್ರಿಸ್ಟೀ. "ಸಿಟ್ಟು ಮಾಡೋದಾದ್ರೆ ನನ್ನ ಮೇಲೆ ಮಾಡು."

ಅವನು ಉಳಿದ ಚಹಾವನ್ನು ಕೆಂಡದ ಪಕ್ಕದ ನೆಲಕ್ಕೆ ಚೆಲ್ಲಿದ. ಚುಂಯ್ ಎಂದು ಹಬೆ ಎದ್ದಿತು.

* * *

ಕ್ರಿಸ್ಟೀಗೆ ಅಪ್ಪನ ನೆನಪು ಹೆಚ್ಚೇನೂ ಇರಲಿಲ್ಲ. ಸೋಪಿನ ವಾಸನೆ, ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಾಗ ಬಾಗಿಲ ಚೌಕಟ್ಟು ತಲೆಗೆ ತಗಲೀತೆಂದು ಬಗ್ಗಿಕೊಳ್ಳುತ್ತಿದ್ದುದು, ಇಷ್ಟೇ. ಆಂಗಸ್ ಬೀಟನ್ ಗಣಿಯಲ್ಲಿ ಮದ್ದು ಸಿಡಿಸುವ ಕೆಲಸದವನು. ಕಲ್ಲಿದ್ದಲಿನ ಗೋಡೆಗೆ ತೂತು ಕೊರೆದು, ಮದ್ದು ತುಂಬಿ, ಗ್ಯಾಸು ಇಲ್ಲವೆಂದು ದೀಪದಿಂದ ಪರೀಕ್ಷಿಸಿ, ಆಮೇಲೆ ಸಿಡಿಸುವುದು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಗಣಿಯೊಳಗೆ ಗ್ಯಾಸು ಹೊತ್ತಿಕೊಂಡು, ಆ ಪಾಳಿಯಲ್ಲಿದ್ದವರು ಯಾರೂ ಮೇಲೆ ಬರಲಿಲ್ಲ. ವಿಚಾರಣೆಗೆಂದು ಪಟ್ಟಣದಿಂದ ಬಂದ ಮೂವರು ದೊಡ್ಡ ಮನುಷ್ಯರು ಕೆಲವು ದಿನ ಕಂಪನಿಯ ಅತಿಥಿಗೃಹದಲ್ಲಿ ಉಳಿದು, ಆಂಗಸ್ ಬೀಟನ್ ಗ್ಯಾಸು ಪರೀಕ್ಷಿಸದೆ ಆತುರದಲ್ಲಿ ಮದ್ದು ಸಿಡಿಸಿದ್ದೇ ಕಾರಣ ಎಂದು ತೀರ್ಮಾನಿಸಿ ಹೋದರು. ಗಣಿಯ ಬಾಗಿಲಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ಅವನ ಹೆಸರೂ ಇತ್ತು. ಎಲ್ಲರಿಗಿಂತ ಕೆಳಗೆ, ಉಳಿದ ಹೆಸರುಗಳಿಂದ ಎರಡು ಬೆರಳಗಲ ಜಾಗ ಬಿಟ್ಟು.

ಆ ಎರಡು ಬೆರಳಗಲದ ಜಾಗದಲ್ಲೇ ಅವಳ ಬಾಲ್ಯ ಕಳೆಯಿತು. ಅಂಗಡಿಯಲ್ಲಿ ಅಮ್ಮನ ಹಿಂದೆ ನಿಂತವರು ಒಂದು ಹೆಜ್ಜೆ ದೂರ ನಿಲ್ಲುತ್ತಿದ್ದರು. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಆಟದ ಬಯಲಿನಲ್ಲಿ ಲಾಕ್ಲನ್ ಅವಳ ಟೋಪಿ ಕಿತ್ತುಕೊಂಡು, "ನಮ್ಮಪ್ಪನ್ನ ನಿಮ್ಮಪ್ಪ ಸಾಯಿಸ್ದ" ಎಂದು ಕೂಗಿದ.

ಹಿಂದೆ ಎಫೀ ಮಿಸ್ ನಿಂತಿದ್ದರು. ಆಗ ಅವರಿಗೆ ಮೂವತ್ತು ದಾಟಿತ್ತೋ ಏನೋ. ಗಂಡಸರ ಬೂಟು, ಬೂದುಬಣ್ಣದ ಉದ್ದ ಲಂಗ, ಕೊಕ್ಕರೆಯಂಥ ಕುತ್ತಿಗೆ. ಬೈಯುತ್ತಾರೆಂದು ಲಾಕ್ಲನ್ ತಲೆ ತಗ್ಗಿಸಿದ.

"ನೀನು ನೋಡಿದ್ಯಾ?" ಎಂದು ಕೇಳಿದರು.

"ಇಲ್ಲ ಮಿಸ್. ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ಯಾರು?"

"ನಮ್ಮ ದೊಡ್ಡಪ್ಪ."

"ನಿಮ್ಮ ದೊಡ್ಡಪ್ಪ ಅಲ್ಲಿದ್ರಾ?"

"ಇಲ್ಲ ಮಿಸ್. ಅವರು ಮೀನು ಹಿಡಿಯೋರು."

"ಹಾಗಾದ್ರೆ ನಿಂಗೆ ಗೊತ್ತಿರೋದು ಏನು? ನಿಮ್ಮ ದೊಡ್ಡಪ್ಪ ಹೀಗೆ ಹೇಳ್ತಾರೆ ಅನ್ನೋದು. ಅಷ್ಟು ಮಾತ್ರ ಹೇಳು. ಟೋಪಿ ವಾಪಸ್ ಕೊಡು."

ಅವರ ಪಾಠವೂ ಹೀಗೆಯೇ. ಸರ್ಕಾರ ಕೊಟ್ಟ ಇತಿಹಾಸದ ಪುಸ್ತಕದಲ್ಲಿ ರಾಜರು, ಹಡಗುಗಳು, ಕೋಟೆಗಳು. ಅದನ್ನು ಅವರು ಓದಿಸುತ್ತಿದ್ದರು, ಕೆಲವೊಮ್ಮೆ ಆಕಳಿಕೆ ತಡೆದುಕೊಂಡು. ಶುಕ್ರವಾರ ಮಧ್ಯಾಹ್ನ ಮಾತ್ರ ಪುಸ್ತಕ ಮುಚ್ಚಿ ಊರಿನವರಲ್ಲೇ ಯಾರನ್ನಾದರೂ ಕರೆಸುವರು. ಒಮ್ಮೆ ಸೂಲಗಿತ್ತಿ ಬಂದಿದ್ದಳು. ಒಮ್ಮೆ, ಕಡಲಾಚೆಯ ಊರಲ್ಲಿ ಜಮೀನ್ದಾರ ಮನೆ ಸುಟ್ಟು ಓಡಿಸಿದ್ದಕ್ಕೆ ಕೂಸಾಗಿದ್ದಾಗ ಹಡಗು ಹತ್ತಿ ಬಂದಿದ್ದ ಅಜ್ಜಿ. ಬುಟ್ಟಿ ಮಾರುವ ಮಿಗ್ಮಾ ಬುಡಕಟ್ಟಿನ ಹೆಂಗಸನ್ನು ಮಕ್ಕಳು, "ನಿಮ್ಮೋರು ಇಲ್ಲಿಗೆ ಯಾವಾಗ ಬಂದ್ರು?" ಎಂದು ಕೇಳಿದಾಗ, ಅವಳು ಹೊಟ್ಟೆ ಹಿಡಿದು ನಕ್ಕು, "ಬರೋದೇನು? ನೀವು ಬಂದಾಗ ಬಾಗಿಲು ತೆಗೆದೋರೇ ನಾವು" ಎಂದಿದ್ದಳು. ಬಂದವರು ಯಾರೇ ಆಗಲಿ, ಮೊದಲು ಒಂದು ಪ್ರಶ್ನೆ ಕೇಳಬೇಕೆಂದು ಎಫೀ ಮಿಸ್ ಹೇಳಿಕೊಟ್ಟಿದ್ದರು. ನೀವು ಅಲ್ಲಿದ್ರಾ?

ಆ ವರ್ಷ ಅಕ್ಟೋಬರಿನ ಒಂದು ಶುಕ್ರವಾರ ಡಂಕನ್ ಬಂದ. ಎಫೀ ಮಿಸ್‌ನ ತಮ್ಮ, ಮದುವೆಯಾಗದವನು, ಅಕ್ಕನ ಜೊತೆಯಲ್ಲೇ ಇದ್ದವನು. ಗಣಿಯೊಳಗಿನ ಕುದುರೆಗಳ ಕಥೆ ಹೇಳಲಿ ಎಂದು ಅಕ್ಕ ಕರೆದಿದ್ದರು. ಮೇಜಿನ ಅಂಚಿನಲ್ಲಿ ಕುಳಿತು, ಕುದುರೆಯೊಂದು ತನ್ನ ಜೇಬಿನಿಂದ ತಂಬಾಕು ಕದ್ದು ತಿನ್ನುತ್ತಿದ್ದುದನ್ನು ಅಭಿನಯಿಸಿ ತೋರಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ತಂದಿದ್ದ ಗಣಿದೀಪವನ್ನು ಹಚ್ಚಿದ.

"ಇದು ಬರೀ ಬೆಳಕಲ್ಲ ಮಕ್ಕಳೇ, ಮೂಗು. ಗ್ಯಾಸಿಗೆ ವಾಸನೆ ಇಲ್ಲ. ಇದ್ರೆ ಈ ಉರಿಯ ಮೇಲೆ ನೀಲಿ ಟೋಪಿ ಕೂತ್ಕೊಳ್ಳುತ್ತೆ. ನೀಲಿ ಕಂಡ್ರೆ ಕೆಲಸ ಬಿಟ್ಟು ಹೊರಡಬೇಕು."

ಕ್ರಿಸ್ಟೀ ಕೈ ಎತ್ತಿದಳು. ಕೇಳಬೇಕೆಂದು ಅಂದುಕೊಂಡಿರಲೇ ಇಲ್ಲ. ಕೈ ತಾನಾಗಿ ಎದ್ದಿತ್ತು.

"ಆವತ್ತು ನಮ್ಮಪ್ಪನ ದೀಪ ನೀಲಿ ಇತ್ತಾ? ನೀವು ಅಲ್ಲಿದ್ರಾ?"

ಕ್ರಿಸ್ಟೀ ಡಂಕನನ ಕೈಗಳನ್ನೇ ನೋಡುತ್ತಿದ್ದಳು. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ ನೀಲಿಗಟ್ಟಿದ ಗೆರೆಗಳ ಕೈಗಳು. ಅವು ದೀಪವನ್ನು ಹಿಡಿದುಕೊಂಡೇ ಇದ್ದವು. ಬಹಳ ಹೊತ್ತು.

"ಇದ್ದೆ," ಎಂದ. "ನೀಲಿ ಇತ್ತು. ನಿಮ್ಮಪ್ಪ ದೀಪ ಎತ್ತಿ ಮೇಸ್ತ್ರಿಗೆ ತೋರಿಸ್ದ. ಸಿಡಿಸಲ್ಲ ಅಂದ. ಸಿಡಿಸು, ಇಲ್ಲಾ ಮನೆಗೆ ಹೋಗು, ನಿನ್ನ ಜಾಗಕ್ಕೆ ಬೇಕಾದಷ್ಟು ಜನ ಇದ್ದಾರೆ ಅಂದ ಮೇಸ್ತ್ರಿ. ನನ್ನ ಪಾಳಿ ಮುಗಿದಿತ್ತು ಪುಟ್ಟಿ. ನಾನು ಮೇಲೆ ಬಂದೆ."

ರಾತ್ರಿಯೂಟದ ಹೊತ್ತಿಗೆ ಆ ಮಾತು ಒಂದೊಂದು ಮಗುವಿನ ಬಾಯಲ್ಲೂ ಒಂದೊಂದು ಮನೆ ಹೊಕ್ಕಿತ್ತು. ಮರುದಿನ ಯೂನಿಯನ್ನಿನವರು ಎಫೀ ಮಿಸ್ ಮನೆಗೆ ಬಂದು, ಇದನ್ನೇ ಜಡ್ಜಿನ ಮುಂದೆ ಪ್ರಮಾಣ ಮಾಡಿ ಹೇಳು, ವಿಚಾರಣೆ ಮತ್ತೆ ತೆರೆಸುತ್ತೇವೆ ಎಂದು ಡಂಕನ್‌ಗೆ ಹೇಳಿದರು. ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಡಂಕನ್ ರೈಲು ಹತ್ತಿಯಾಗಿತ್ತು. ಕಂಪನಿ ಹೆದರಿಸಿತು ಎಂದರು ಕೆಲವರು. ದುಡ್ಡು ಕೊಟ್ಟಿತು ಎಂದರು ಇನ್ನು ಕೆಲವರು. ಅಲ್ಲಿದ್ದವರು ಯಾರೂ ಇರಲಿಲ್ಲ.

ಕಲ್ಲಿನ ಮೇಲಿನ ಹೆಸರು ಇದ್ದಲ್ಲೇ ಉಳಿಯಿತು. ಆದರೆ ಸೋಮವಾರ ಲಾಕ್ಲನ್ ಬಂದು ಕ್ರಿಸ್ಟೀಯ ಬೆಂಚಿನಲ್ಲಿ, ಅವಳ ಪಕ್ಕ ಕುಳಿತ. ಎದುರಿಗೆ ಬೇರೆ ಟೀಚರ್ ನಿಂತಿದ್ದರು.

* * *

ಪಾದ್ರಿ ತೀರ ಎಳೆಯ ಹುಡುಗ. ಈ ಊರಿಗೆ ಬಂದು ಇನ್ನೂ ಒಂದು ಚಳಿಗಾಲ ಮುಗಿದಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಬರೆದುಕೊಂಡಿದ್ದ ಹಾಳೆಯನ್ನು ಓದತೊಡಗಿದ. ಮರದ ಚರ್ಚು ತುಂಬಿ, ಜನ ಗೋಡೆಗಳಿಗೆ ಒರಗಿ ನಿಂತಿದ್ದರು. ಒದ್ದೆ ಉಣ್ಣೆಯ ಕೋಟುಗಳ ವಾಸನೆ ದಟ್ಟವಾಗಿತ್ತು.

"ದಿವಂಗತರು ಹಲವು ತಲೆಮಾರುಗಳ ಮಕ್ಕಳಿಗೆ ನಮ್ಮ ದೇಶದ ಇತಿಹಾಸದ ಮಹತ್ವದ ಇಸವಿಗಳನ್ನು ಕಲಿಸಿದರು," ಎಂದು ಓದಿದ. "ಅವರಿಗೆ ಸ್ವಂತದವರು ಎಂದು ಯಾರೂ ಇರಲಿಲ್ಲ..."

"ತಮ್ಮ ಇದ್ದಾನೆ," ಎಂದಿತು ಮುಂದಿನ ಬೆಂಚು.

ಪಾದ್ರಿ ತಲೆಯೆತ್ತಿದ. "ಏನಂದಿರಿ?"

"ತಮ್ಮ ಇದ್ದಾನೆ ಅಂದೆ." ವಿನ್ನಿ ಮಿಸ್ ಕೋಲು ಊರಿ ಎದ್ದು ನಿಂತರು. ಎಫೀ ಮಿಸ್‌ನ ಪಕ್ಕದ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು, ಜಗಳವಾಡುತ್ತಲೇ ಜೀವಮಾನದ ಗೆಳತಿಯಾದವರು. "ಮತ್ತೆ ಆ ಇಸವಿ ಗಿಸವಿ ಅಂದ್ರಲ್ಲ, ಅವಳಿಗೆ ಒಂದೂ ನೆನಪಿರ್ತಿರ್ಲಿಲ್ಲ ಪಾದ್ರಿಗಳೇ. ಪಾಠದ ಮಧ್ಯೆ ಬಾಗಿಲಿಗೆ ಬಂದು 'ವಿನ್ನೀ, ಆ ಕೋಟೆ ಬಿದ್ದಿದ್ದು ಯಾವಾಗ ಕಣೇ?' ಅಂತ ನನ್ನ ಕೇಳ್ಕೊಂಡು ಹೋಗ್ತಿದ್ಲು."

ಯಾರೋ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿ, ಪೆಟ್ಟಿಗೆಯನ್ನು ನೋಡಿ ತಣ್ಣಗಾಯಿತು. ಪಾದ್ರಿಯ ಕಿವಿ ಕೆಂಪಾಯಿತು. ಆದರೆ ಹುಡುಗ ಒಳ್ಳೆಯವನು. ಹಾಳೆ ಮಡಚಿ ಜೇಬಿಗಿಟ್ಟ. "ಹಾಗಾದರೆ ನೀವೇ ಹೇಳಿ, ಅಮ್ಮಾ. ನಾನು ಅವರನ್ನು ನೋಡಿದ್ದು ಎರಡೇ ಸಲ."

"ಅದನ್ನ ಮೊದಲೇ ಹೇಳ್ಬೇಕಿತ್ತು," ಎಂದು ವಿನ್ನಿ ಮಿಸ್ ಜನರ ಕಡೆ ತಿರುಗಿದರು. "ಅವಳನ್ನ ಮೂರನೇ ಕ್ಲಾಸಿಂದ ತೆಗೆದು ಚಿಳ್ಳೆಪಿಳ್ಳೆಗಳ ಕೋಣೆಗೆ ಹಾಕಿದ್ದು ನಿಮಗೆಲ್ಲ ಗೊತ್ತು. ಆವಾಗ ಶಾಲೆ ಕಮಿಟಿ ತುಂಬ ಕಂಪನಿಯೋರೇ. 'ಇನ್ನು ಇತಿಹಾಸ ಬೇಡ, ಕೋಟಿಗೆ ಗುಂಡಿ ಹಾಕೋದು ಕಲಿಸಿ ಸಾಕು' ಅಂದ್ರು. ಇದು ನಾನು ಕಿವಿಯಾರೆ ಕೇಳಿದ್ದು, ಪಕ್ಕದಲ್ಲೇ ನಿಂತಿದ್ದೆ. ಒಂದಿನ ಅವಳ ಕೋಣೇಲಿ ಗಲಾಟೆ. ಹೋಗಿ ನೋಡ್ತೀನಿ, ಯಾವುದೋ ಹುಡುಗನ ಕೆಂಪು ಕೈಗವಸು ಕಳೆದಿದೆ. ನಾಕೈದು ವರ್ಷದ ಮಕ್ಕಳನ್ನ ಸಾಲಾಗಿ ಕೂರಿಸ್ಕೊಂಡಿದ್ದಾಳೆ. ಒಬ್ಬಳು 'ಹಿಮದಲ್ಲಿತ್ತು' ಅಂತಾಳೆ. ಇನ್ನೊಬ್ಬ 'ನಾಯಿ ತಗೊಂಡ್ಹೋಯ್ತು' ಅಂತಾನೆ. 'ನೀನು ನೋಡಿದ್ಯಾ, ಇಲ್ಲಾ ಯಾರಾದ್ರೂ ಹೇಳಿದ್ರಾ?' ಅಂತ ಇವಳು. ಅವನು ಯೋಚಿಸ್ದ, ಪಾಪ, ಮೂಗು ಸುರಿಸ್ಕೊಂಡು ಯೋಚಿಸ್ದ. 'ನಾಯೀನ ನೋಡ್ದೆ ಮಿಸ್, ಕೈಗವಸು ನೋಡ್ಲಿಲ್ಲ' ಅಂದ. ಅವಳ ಮುಖ ನೋಡ್ಬೇಕಿತ್ತು ನೀವು. ಬಹುಮಾನ ಬಂದೋರ ಥರ."

"ಕೈಗವಸು ಸಿಕ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಎಲ್ಲಿ ಸಿಗುತ್ತೆ? ಊರಿನ ಕಳ್ಳ ನಾಯಿಗಳು ನಿಮಗೆ ಗೊತ್ತಿಲ್ವಾ?" ವಿನ್ನಿ ಮಿಸ್ ಕೂತುಕೊಂಡರು. ಕೂತ ಮೇಲೆ ಅವರ ಬೆನ್ನು ಅಲುಗತೊಡಗಿದ್ದನ್ನು ಕ್ರಿಸ್ಟೀ ಕಂಡಳು.

ಕೀರ್ತನೆಗೆ ಎಲ್ಲರೂ ಎದ್ದಾಗ ಕ್ರಿಸ್ಟೀ ಹಿಂತಿರುಗಿ ನೋಡಿದಳು. ಬಾಗಿಲ ಪಕ್ಕದಲ್ಲಿ, ಟೋಪಿಯನ್ನು ಎದೆಗೆ ಒತ್ತಿಕೊಂಡು, ಹೆಗಲ ಮೇಲೆ ಇನ್ನೂ ಕರಗದ ಹಿಮದೊಂದಿಗೆ ಒಬ್ಬ ಮುದುಕ ನಿಂತಿದ್ದ. ಕೊಕ್ಕರೆಯಂಥ ಕುತ್ತಿಗೆ. ಹಾಡುತ್ತಿರಲಿಲ್ಲ.

* * *

ಹೋದ ಶರತ್ಕಾಲದಲ್ಲಿ ಕ್ರಿಸ್ಟೀ, ಗಾಳಿ ತಡೆಯುವ ಚಳಿಗಾಲದ ಜೋಡಿ ಕಿಟಕಿಗಳನ್ನು ಹಾಕಿಕೊಡಲೆಂದು ಎಫೀ ಮಿಸ್ ಮನೆಗೆ ಹೋಗಿದ್ದಳು. ಕಂಪನಿ ಗಣಿಯನ್ನು ಸರ್ಕಾರಕ್ಕೆ ಬಿಟ್ಟು ಹೋದ ಮೇಲೆ ಎಫೀ ಮಿಸ್‌ಗೆ ಮೂರನೇ ಕ್ಲಾಸು ವಾಪಸು ಸಿಕ್ಕಿತ್ತು. ನಿವೃತ್ತಿಯ ತನಕ ಅಲ್ಲೇ ಕಲಿಸಿದರು. ಕ್ರಿಸ್ಟೀಯ ಮಗನಿಗೂ ಅವರೇ ಟೀಚರ್. ಅವನು ಮನೆಗೆ ಬಂದು ಅಮ್ಮ ಹೇಳುವ ಪ್ರತಿಯೊಂದು ಮಾತಿಗೂ "ನೀನು ನೋಡಿದ್ಯಾ?" ಎಂದು ಕೇಳಿ ಅವಳ ತಾಳ್ಮೆ ಕೆಡಿಸಿದ್ದ.

ಎಫೀ ಮಿಸ್ ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತು, ಅವಳು ಮೊಳೆ ಹೊಡೆಯುವುದನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಹೇಳಿದರು.

"ಆವತ್ತು ಡಂಕನ್ ನನ್ನ ಕಡೆ ನೋಡ್ದ ಕಣೇ."

ಕ್ರಿಸ್ಟೀ ಸುತ್ತಿಗೆ ಇಳಿಸಿದಳು. ಆ ಹೆಸರನ್ನು ಅವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು.

"ನೀನು ಪ್ರಶ್ನೆ ಕೇಳಿದಾಗ. ನಿಲ್ಲಿಸು ಅಕ್ಕಾ, ಅಂತ ಆ ನೋಟ. ಚಿಕ್ಕವನಿದ್ದಾಗ ಅಪ್ಪ ಬೆಲ್ಟ್ ತೆಗೆದ್ರೆ ಹಾಗೇ ನೋಡ್ತಿದ್ದ. 'ಸಾಕು ಮಕ್ಕಳೇ, ಗಂಟೆ ಆಯ್ತು' ಅಂದಿದ್ರೆ ಮುಗೀತಿತ್ತು. ನಾನು ಅನ್ಲಿಲ್ಲ. ಕಿಟಕಿ ಕಡೆ ತಿರುಗ್ಬಿಟ್ಟೆ. ಅವನೊಬ್ಬನನ್ನೇ ಅಲ್ಲಿ ಬಿಟ್ಟೆ."

"ಮಿಸ್, ನೀವು ಹಾಗೆ ಮಾಡಿದ್ರಿಂದಲೇ ನಂಗೆ ನಮ್ಮಪ್ಪ..."

"ಗೊತ್ತು. ಅದಕ್ಕೇ ನಿಂಗೆ ಹೇಳ್ತಿರೋದು. ನಿಂಗೆ ಅಪ್ಪ ಸಿಕ್ಕಿದ, ನಂಗೆ ತಮ್ಮ ಹೋದ. ಎರಡೂ ನಿಜ. ಒಂದನ್ನೇ ಹೇಳ್ಕೊಂಡು ತಿರುಗಬಾರದು." ಶಾಲನ್ನು ಎಳೆದುಕೊಂಡು, "ಅವನು ನನ್ನ ಕ್ಷಮಿಸ್ಲಿಲ್ಲ. ಕ್ಷಮಿಸಬೇಕು ಅಂತಲೂ ಇಲ್ಲ. ಆ ಮೂಲೆ ಮೊಳೆ ಸೊಟ್ಟ ಹೋಯ್ತು ನೋಡು," ಎಂದರು.

* * *

ಗುಂಡಿಯ ಸುತ್ತ ಪಾದ್ರಿಯ ಮಾತು ಮುಗಿಯುವ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತ್ತು. ಜನ ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲೆ ಹಿಡಿ ಮಣ್ಣು ಹಾಕಿ, ಚಹಾ, ಓಟ್ಸ್ ರೊಟ್ಟಿ, ಹಂದಿಮಾಂಸದ ಸ್ಯಾಂಡ್‌ವಿಚ್ ಇಟ್ಟಿದ್ದ ಚರ್ಚಿನ ಹಾಲಿನತ್ತ ನಡೆದರು. ಡಂಕನ್‌ನನ್ನು ಗುರುತು ಹಿಡಿದವರು ಇದ್ದರು. ತಲೆಯಾಡಿಸಿದರೇ ಹೊರತು ಯಾರೂ ಕೈ ಚಾಚಲಿಲ್ಲ. ವಿನ್ನಿ ಮಿಸ್ ಮಾತ್ರ ಅವನೆದುರು ನಿಂತು, "ಊಟ ಮಾಡ್ಕೊಂಡು ಹೋಗು, ಎಲುಬಾಗಿದ್ದೀಯ" ಎಂದು ಹೇಳಿ ಹೋದರು.

ಕೊನೆಗೆ ಉಳಿದವರು ಮೂವರು. ಲಾಕ್ಲನ್ ಸನಿಕೆಗೆ ಒರಗಿ ನಿಂತಿದ್ದ.

"ಬಂದ್ರಲ್ಲ," ಎಂದ. "ದಾರಿ ನೆನಪಿತ್ತಾ?"

"ಲಾಕೀ," ಎಂದಳು ಕ್ರಿಸ್ಟೀ.

"ಬೈಯಲಿ ಬಿಡಮ್ಮ," ಎಂದ ಡಂಕನ್. ದನಿ ಗೊರಗೊರ ಎನ್ನುತ್ತಿತ್ತು. ಕಲ್ಲಿದ್ದಲ ಧೂಳು ಕುಡಿದ ಗಣಿಯವರ ಎದೆ. "ನೀನು ಆಂಗಸ್ ಮಗಳು ಅಲ್ವಾ. ಇವನು ಹೆಕ್ಟರ್ ಮಗ. ಅಪ್ಪನ ಗದ್ದಾನೇ ಇದೆ."

"ಅಪ್ಪನ ಹೆಸರು ಎತ್ಬೇಡಿ. ಜಡ್ಜಿನ ಮುಂದೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಇವಳಮ್ಮ ಸಾಯೋ ತನಕ ಆ ಕಲ್ಲಿನ ಮುಂದೆ ತಲೆ ಬಗ್ಗಿಸ್ಕೊಂಡು ಓಡಾಡಿದ್ಳು. ನಮ್ಮ ಮಿಸ್ ಕೋಟಿನ ಗುಂಡಿ ಹಾಕೋದು ಕಲಿಸ್ಕೊಂಡು ಕೂತ್ರು. ನೀವೆಲ್ಲಿದ್ರಿ?"

"ಓಡ್ಹೋದೆ," ಎಂದ ಡಂಕನ್. "ಯಾರೂ ಹೆದರಿಸ್ಲಿಲ್ಲ, ಯಾರೂ ದುಡ್ಡು ಕೊಡ್ಲೂ ಇಲ್ಲ. ಹಾಗೆ ಅಂದ್ಕೊಂಡಿರ್ತೀರಿ. ಮಕ್ಕಳ ಮುಂದೆ ಹೇಳಿದ್ದನ್ನ ದೊಡ್ಡೋರ ಮುಂದೆ ಹೇಳೋ ಧೈರ್ಯ ಇರ್ಲಿಲ್ಲ. ಆಮೇಲೆ ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲೋದು? ಹೇಡಿ ಅಂತ ಅವಳು ಕೈ ತೊಳ್ಕೊಂಡಿರ್ತಾಳೆ ಅಂತ..."

"ಇಲ್ಲ," ಎಂದಳು ಕ್ರಿಸ್ಟೀ. "ಮಿಸ್ ಅಂದ್ಕೊಂಡಿದ್ದೇ ಬೇರೆ." ಎಫೀ ಮಿಸ್ ಹೇಳಿದ್ದನ್ನು, ಅವರು ಹೇಳಿದಷ್ಟೇ, ಹೇಳಿದಳು. ನೋಟ, ಬೆಲ್ಟು, ಕಿಟಕಿ.

ಡಂಕನ್ ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದ.

"ಕಿಟಕಿ?" ಎಂದ. "ಇಲ್ಲಮ್ಮ. ಯಾವ ಕಿಟಕಿ? ಅವಳು ನನ್ನನ್ನೇ ನೋಡ್ತಿದ್ಲು. ರೆಪ್ಪೆ ಹೊಡೀಲಿಲ್ಲ. ನಂಗೆ ಸುಳ್ಳು ಹೇಳಕ್ಕಾಗದೇ ಇದ್ದಿದ್ದೇ ಅದಕ್ಕೆ. ಅವಳು ಆ ಕಡೆ ತಿರುಗಿದ್ದಿದ್ರೆ 'ಇಲ್ಲ ಪುಟ್ಟಿ, ನಾನು ಅಲ್ಲಿರ್ಲಿಲ್ಲ' ಅಂದ್ಬಿಡ್ತಿದ್ದೆ. ನಾಲಿಗೆ ತುದೀಲಿತ್ತು."

ಗಾಳಿಗೆ ಹಿಮದ ಪುಡಿ ಗುಂಡಿಯ ಅಂಚಿನಿಂದ ಪೆಟ್ಟಿಗೆಯ ಮೇಲೆ ಉದುರಿತು.

"ನೀನಿದ್ದೆಯಲ್ಲ ಅಲ್ಲಿ," ಎಂದ ಡಂಕನ್. ಅವನ ದನಿಯಲ್ಲಿ ಬೇಡಿಕೆ ಇತ್ತು. "ನೀನೇ ಹೇಳು. ಎತ್ತ ನೋಡ್ತಿದ್ಲು?"

ನಿಮ್ಮನ್ನೇ ನೋಡ್ತಿದ್ರು ಎಂದುಬಿಟ್ಟರೆ ಆ ಮುದುಕನ ಎದೆಯ ಭಾರ ಇಳಿಯುತ್ತಿತ್ತು. ಕೇಳಿ ಅಲ್ಲಗಳೆಯುವವರು ಇಲ್ಲಿ ಯಾರೂ ಇರಲಿಲ್ಲ, ಪೆಟ್ಟಿಗೆಯೊಳಗಿನವರನ್ನು ಬಿಟ್ಟು.

"ನಾನು ನೋಡ್ಲಿಲ್ಲ," ಎಂದಳು. "ನಾನು ನಿಮ್ಮ ಕೈ ನೋಡ್ತಿದ್ದೆ."

ಡಂಕನ್ ಲಾಕ್ಲನ್‌ನ ಕಡೆ ತಿರುಗಿದ.

"ನನ್ನ ಕೇಳ್ಬೇಡಿ." ಲಾಕ್ಲನ್ ದೂರ ಸಮುದ್ರದ ಕಡೆ ನೋಡಿದ. "ನಾನು ಡೆಸ್ಕಿನ ಮೇಲೆ ತಲೆ ಇಟ್ಟು ಅಳ್ತಿದ್ದೆ."

ಕ್ರಿಸ್ಟೀಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದು, ಒಂದೇ ಬೆಂಚಿನಲ್ಲಿ ಕೂತು, ಅವನು ಒಮ್ಮೆಯೂ ಹೇಳಿರಲಿಲ್ಲ.

ಡಂಕನ್ ಗುಂಡಿಯ ಕಡೆ ತಿರುಗಿದ. ಆಮೇಲೆ ತಲೆಯೆತ್ತದೆ ಮಾತಾಡಿದ.

"ಆವತ್ತು ನಾನು ಪೂರ್ತಿ ಹೇಳ್ಲಿಲ್ಲ. ಆಂಗಸ್ ಸಿಡಿಸಲ್ಲ ಅಂದಾಗ ಅವನ ಪಕ್ಕದಲ್ಲಿ ನಿಮ್ಮಪ್ಪ ಇದ್ದ, ಲಾಕ್ಲನ್. ಹೆಕ್ಟರ್. 'ಆಂಗಸ್ ಹೇಳೋದು ಸರಿ, ನಾನೂ ನೋಡ್ದೆ, ನೀಲಿ ಇದೆ' ಅಂದ ಮೇಸ್ತ್ರಿಗೆ. ಮೇಸ್ತ್ರಿ ನನ್ನ ಕಡೆ ತಿರುಗಿದ. 'ನೀನೇನಂತೀಯೋ?' ಅಂದ. ಇಬ್ಬರ ಜೊತೆ ಮೂರನೆಯವನು ಬಾಯಿ ಬಿಟ್ಟಿದ್ರೆ ಅವನು ಹಿಂದೆ ಸರೀತಿದ್ನೋ ಏನೋ. 'ನನ್ನ ಪಾಳಿ ಮುಗೀತು' ಅಂದೆ. ಅದನ್ನೇ ಆವತ್ತು ಈ ಮಗುಗೂ ಹೇಳ್ದೆ. ಜಡ್ಜಿನ ಮುಂದೆ ಹೋಗಿದ್ರೆ ಅದನ್ನೂ ಕೇಳ್ತಿದ್ರು. ಅದಕ್ಕೇ ಹೋಗ್ಲಿಲ್ಲ."

"ನಮ್ಮಪ್ಪ ಹಾಗಂದ್ರಾ?" ಎಂದ ಲಾಕ್ಲನ್. ಐವತ್ತಕ್ಕೆ ಹತ್ತಿರವಾದ, ಅಗಲ ಹೆಗಲಿನ ಗಂಡಸಿನ ದನಿಯಾಗಿರಲಿಲ್ಲ ಅದು. "ಆಂಗಸ್ ಹೇಳೋದು ಸರಿ ಅಂತ? ಅಷ್ಟೇ ಮಾತಾ?"

"ಅಷ್ಟೇ ಮಾತು. 'ನಾನೂ ನೋಡ್ದೆ' ಅಂದ."

ಕ್ರಿಸ್ಟೀ ಲಾಕ್ಲನ್‌ನ ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಹಾಲಿನ ಬಾಗಿಲು ಯಾರೋ ತೆರೆದಿರಬೇಕು, ಬಟ್ಟಲುಗಳ ಸದ್ದು, ಒಟ್ಟು ಮಾತಿನ ಗುಜುಗುಜು ಒಮ್ಮೆ ಕೇಳಿ ಮತ್ತೆ ನಿಂತಿತು. ಬೆಳಕು ಆಗಲೇ ಮಾಸುತ್ತಿತ್ತು. ಫೆಬ್ರವರಿಯ ಸಂಜೆಗೆ ಕಾಯುವ ವ್ಯವಧಾನವಿಲ್ಲ.

"ಮುಚ್ಚಬೇಕು," ಎಂದ ಲಾಕ್ಲನ್. "ಮಣ್ಣು ಮತ್ತೆ ಕಲ್ಲಾಗುತ್ತೆ."

"ನಾನು ಹಾಕ್ಲಾ?" ಎಂದು ಕೇಳಿದ ಡಂಕನ್.

ಲಾಕ್ಲನ್ ಅವನ ಗೊರಗುಟ್ಟುವ ಎದೆಯನ್ನೂ, ತೆಳ್ಳನೆಯ ಪೇಟೆ ಬೂಟುಗಳನ್ನೂ ನೋಡಿದ. ಸನಿಕೆಯನ್ನು ಚಾಚಿದ.

ಡಂಕನ್ ಟೋಪಿಯನ್ನು ಕ್ರಿಸ್ಟೀಯ ಕೈಗೆ ಕೊಟ್ಟ. ನಿಂತು ಒಂದು ಸಲ ಎತ್ತಲು ಹೋದ. ಬೆನ್ನು ಒಪ್ಪಲಿಲ್ಲ. ಆಗ ಒಳ್ಳೆಯ ಪ್ಯಾಂಟಿನಲ್ಲೇ ಹಿಮದ ಮೇಲೆ ಎರಡೂ ಮಂಡಿ ಊರಿದ. ಸನಿಕೆಯ ಹಿಡಿಯನ್ನು ಕೆಳಗೆ, ಅಲಗಿನ ಬುಡದಲ್ಲೇ ಗಿಡ್ಡಕ್ಕೆ ಹಿಡಿದು, ತಲೆ ತಗ್ಗಿಸಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಮಣ್ಣು ತಳ್ಳತೊಡಗಿದ. ಎದ್ದು ನಿಲ್ಲಲಾಗದಷ್ಟು ತಗ್ಗಿನ ಸುರಂಗದಲ್ಲಿ ಕೆಲಸ ಮಾಡಿದವರು ಹೀಗೆ ಮಾಡುತ್ತಾರೆ. ಮೇಲೆ ಇಡೀ ಆಕಾಶವೇ ಇದ್ದರೂ ಅವನ ಕುತ್ತಿಗೆ ಎತ್ತರಕ್ಕೆ ಏಳಲಿಲ್ಲ. ಒಂದು ಸಲಕ್ಕೆ ಸ್ವಲ್ಪವೇ, ಆದರೆ ನಿಲ್ಲದೆ, ಒಂದೇ ಲಯದಲ್ಲಿ ಮಣ್ಣು ಇಳಿಯುತ್ತಿತ್ತು.

ಲಾಕ್ಲನ್ ಬೇಲಿಗೆ ಒರಗಿಸಿದ್ದ ಇನ್ನೊಂದು ಸನಿಕೆಯನ್ನು ತಂದು, ಗುಂಡಿಯ ಆಚೆ ಬದಿಯಲ್ಲಿ ಅವನಿಗೆ ಎದುರಾಗಿ ತಾನೂ ಮಂಡಿಯೂರಿದ. ಇಬ್ಬರ ಉಸಿರೂ ಬೆಳ್ಳಗೆ ಹೊಗೆಯಾಗಿ ಗುಂಡಿಯ ಮೇಲೆ ಕೂಡುತ್ತಿತ್ತು. ಕ್ರಿಸ್ಟೀ ಟೋಪಿಯನ್ನು ಹಿಡಿದುಕೊಂಡು ನಿಂತೇ ಇದ್ದಳು. ಅದರ ಒಳಗಿನ ಅಂಚು ಇನ್ನೂ ಬೆಚ್ಚಗಿತ್ತು.